ಬಾಡುವ ಮಾಲೆ, ಬಾಡದ ಮಾಲೆ: ಆದಿ ಕ್ರೈಸ್ತ ಬರಹಗಳಲ್ಲಿ ಕ್ರೀಡಾ ರೂಪಕದ ಚರಿತ್ರೆ

ಕ್ರೈಸ್ತ ಧರ್ಮದ ಮೊದಲ ಶತಮಾನಗಳ ಬರಹಗಳಲ್ಲಿ ನಂಬಿಕೆಯ ಬದುಕನ್ನು ಓಟಕ್ಕೂ ಕುಸ್ತಿಗೂ ಹೋಲಿಸುವ ಮಾತು ಮತ್ತೆ ಮತ್ತೆ ಬರುತ್ತದೆ. ಕನ್ನಡ ಬೈಬಲಿನ ಓದುಗರಿಗೆ ‘ಬಿರುದು’, ‘ಜಯಮಾಲೆ’ ಎಂಬ ಪದಗಳ ಮೂಲಕ ಈ ಹೋಲಿಕೆ ಪರಿಚಿತ. ಅದನ್ನು ಗೆಲುವಿನ ಹುಮ್ಮಸ್ಸು ತುಂಬುವ ಮಾತೆಂದು ಓದುವುದೇ ವಾಡಿಕೆ. ಆದರೆ ಒಂದನೆಯ ಶತಮಾನದಿಂದ ಐದನೆಯ ಶತಮಾನದವರೆಗೆ ಅದು ಸಾಗಿದ ದಾರಿಯನ್ನು ನೋಡಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಗ್ರೀಕರ ಕಣದಿಂದ ಪದಗಳನ್ನು ಪಡೆದ ಕ್ರೈಸ್ತರು, ಒಬ್ಬನ ಗೆಲುವೆಂದರೆ ಉಳಿದವರ ಸೋಲು ಎಂಬ ಕಣದ ನಿಯಮವನ್ನು ಅಲ್ಲಿಯೇ ಬಿಟ್ಟರು. ಕೊನೆಯವರೆಗೆ ತಾಳುವುದೇ ಅವರಿಗೆ ಗೆಲುವಾಯಿತು.

ಕೊರಿಂಥದ ನೆರೆಯ ಕಣ

ಕ್ರಿ.ಪೂ. 146ರಲ್ಲಿ ರೋಮನ್ ಸೇನಾನಿ ಮುಮ್ಮಿಯಸ್ ನಾಶಮಾಡಿದ ಕೊರಿಂಥ, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನಿಂದ ರೋಮನ್ ವಸಾಹತಾಗಿ ಮತ್ತೆ ತಲೆಯೆತ್ತಿತು. ಅದರ ಹತ್ತಿರದ ಇಸ್ಥ್ಮಿಯದಲ್ಲಿ ಕಡಲದೇವತೆ ಪೊಸೈಡನ್‌ನ ಹೆಸರಿನಲ್ಲಿ ಎರಡು ವರ್ಷಕ್ಕೊಮ್ಮೆ ಕ್ರೀಡೋತ್ಸವ ನಡೆಯುತ್ತಿತ್ತು. ಅಲ್ಲಿದ್ದ ಪೊಸೈಡನ್‌ನ ದೇವಾಲಯದ ನೆಲೆಯನ್ನು 1952ರಲ್ಲಿ ಪುರಾತತ್ವಜ್ಞ ಆಸ್ಕರ್ ಬ್ರೋನೀರ್ ಪತ್ತೆಹಚ್ಚಿದರು.

ಅಪೊಸ್ತಲ ಪೌಲನು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಮಾಡುವ ಕಸಬಿನಲ್ಲಿದ್ದುಕೊಂಡು ಹದಿನೆಂಟು ತಿಂಗಳು ಬೋಧಿಸಿದನೆಂದು ‘ಅಪೊಸ್ತಲರ ಕೃತ್ಯಗಳು’ ಹೇಳುತ್ತದೆ. ಅವನನ್ನು ವಿಚಾರಣೆಗೆ ಎಳೆತಂದದ್ದು ಗಲ್ಲಿಯೋನನೆಂಬ ಅಧಿಪತಿಯ ಮುಂದೆ. ಡೆಲ್ಫಿಯಲ್ಲಿ ದೊರೆತ ಶಾಸನದಿಂದ ಗಲ್ಲಿಯೋನನ ಅಧಿಕಾರದ ಕಾಲ ಸುಮಾರು ಕ್ರಿ.ಶ. 51–52 ಎಂದು ತಿಳಿಯುತ್ತದೆ. ಕ್ರಿ.ಶ. 51ರ ಕ್ರೀಡೋತ್ಸವ ಪೌಲನು ಅಲ್ಲಿದ್ದಾಗಲೇ ನಡೆದಿರಬೇಕೆಂಬುದು ಹಲವು ವಿದ್ವಾಂಸರ ಲೆಕ್ಕಾಚಾರ.

ಇಸ್ಥ್ಮಿಯದಲ್ಲಿ ಗೆದ್ದವನಿಗೆ ಸಿಗುತ್ತಿದ್ದದ್ದು ಪೈನ್ ಎಲೆಯ ಮಾಲೆ, ಇಲ್ಲವೇ ಒಣಗಿದ ಕಾಡು ಸೆಲೆರಿಯ ಮಾಲೆ. ಎರಡನೆಯವನಿಗೆ ಮಾಲೆಯಿಲ್ಲ. ಬಾಡುವ ಮಾಲೆಗಾಗಿ ಅವರು ಅಷ್ಟು ಶ್ರಮಪಡುವಾಗ ಬಾಡದ ಮಾಲೆಗಾಗಿ ನಾವೆಷ್ಟು ಶ್ರಮಿಸಬೇಕು ಎಂಬ ಪೌಲನ ವಾದ ಕೊರಿಂಥದವರಿಗೆ ಕಣ್ಣಮುಂದಿನ ಸಂಗತಿಯಾಗಿತ್ತು.

ಬಿಟ್ಟುಕೊಡುವ ಸಾಧನೆ

ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯದ ಈ ಭಾಗವನ್ನು ಬಿಡಿಯಾಗಿ ಓದಿದರೆ ದಾರಿ ತಪ್ಪುತ್ತೇವೆ. ಅದರ ಹಿಂದಿನ ಅಧ್ಯಾಯದ ಪ್ರಶ್ನೆ ವಿಗ್ರಹಕ್ಕೆ ಅರ್ಪಿಸಿದ ಆಹಾರದ್ದು: ತಿನ್ನುವ ಹಕ್ಕು ನನಗಿದ್ದರೂ, ಬಲವಿಲ್ಲದ ಸಹೋದರನ ಮನಸ್ಸಿಗೆ ಅದು ಪೆಟ್ಟಾಗುವುದಾದರೆ ನಾನು ತಿನ್ನಬೇಕೇ? ಒಂಬತ್ತನೆಯ ಅಧ್ಯಾಯದಲ್ಲಿ ಪೌಲನು ಬೋಧಕನಾಗಿ ತನಗೆ ಸಲ್ಲಬೇಕಾದ ಜೀವನಾಂಶವನ್ನು ಬಿಟ್ಟುಕೊಟ್ಟದ್ದನ್ನು ವಿವರಿಸಿ, ಆಮೇಲೆ ಓಟದ ಮಾತಿಗೆ ಬರುತ್ತಾನೆ. ಹಾಗಾಗಿ ಅವನು ಹೇಳುವ ಸಂಯಮವೆಂದರೆ ಇನ್ನೊಬ್ಬರಿಗಾಗಿ ತನ್ನ ಹಕ್ಕನ್ನು ಬಿಡುವ ಸಾಧನೆ. ದೇಹವನ್ನು ದಂಡಿಸುವುದಕ್ಕೆ ಅವನು ಬಳಸಿದ ಗ್ರೀಕ್ ಕ್ರಿಯಾಪದಕ್ಕೆ ಕಣ್ಣಿನ ಕೆಳಗೆ ಗುದ್ದುವುದೆಂಬ ಅರ್ಥವಿದೆ. ಆದರೆ ಪೆಟ್ಟು ಬೀಳುವುದು ಎದುರಾಳಿಗಲ್ಲ, ತನಗೇ. ವಿಕ್ಟರ್ ಫಿಟ್ಸ್‌ನರ್ 1967ರ ತಮ್ಮ ಅಧ್ಯಯನದಲ್ಲಿ ಪೌಲನ ಈ ರೂಪಕ ಬಹುಮಟ್ಟಿಗೆ ಸುವಾರ್ತೆಯ ಸೇವೆಗೆ ಸಂಬಂಧಿಸಿದ್ದೆಂದು ವಾದಿಸಿದ್ದೂ ಇದಕ್ಕೆ ಹೊಂದುತ್ತದೆ.

ಒಬ್ಬನಿಗೇ ಬಿರುದು ಎಂದು ಹೇಳಿದ ಉಸಿರಿನಲ್ಲೇ ಪೌಲನು ಎಲ್ಲರಿಗೂ ಓಡಿರೆನ್ನುತ್ತಾನೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರ ಇನ್ನೂ ಸ್ಪಷ್ಟ: ಓಟ ಮುಗಿಸಿದವನಿಗೆ ಕಾದಿರುವ ಜಯಮಾಲೆ ಅವನೊಬ್ಬನಿಗಲ್ಲ, ಕರ್ತನ ಬರವನ್ನು ಪ್ರೀತಿಸಿದವರೆಲ್ಲರಿಗೂ. ಇಬ್ರಿಯರಿಗೆ ಬರೆದ ಪತ್ರದಲ್ಲಿ ಹಿಂದಿನ ಕಾಲದ ವಿಶ್ವಾಸಿಗಳು ಸಾಕ್ಷಿಗಳಾಗಿ ಮೋಡದಂತೆ ಸುತ್ತುವರಿದಿದ್ದಾರೆ. ಅಲ್ಲಿ ಓಡುವವರಿಂದ ಕೇಳುವುದು ವೇಗವನ್ನಲ್ಲ, ತಾಳ್ಮೆಯನ್ನು.

ಬಿದ್ದವರ ಜಯ

ಕ್ರಿ.ಶ. 177ರಲ್ಲಿ ಲಿಯೋನ್ ನಗರದ ಕ್ರೈಸ್ತರು ಹಿಂಸೆಗೆ ಗುರಿಯಾದಾಗ ಬ್ಲಾಂದಿನಾ ಎಂಬ ದಾಸಿಯನ್ನು ಬೆಳಗಿನಿಂದ ಸಂಜೆಯವರೆಗೆ ಸರದಿಯಂತೆ ಹಿಂಸಿಸಿದವರೇ ದಣಿದುಹೋದರು. ಇತಿಹಾಸಕಾರ ಯೂಸೆಬಿಯಸ್ ಉಳಿಸಿಕೊಟ್ಟ ಪತ್ರ ಆಕೆಯನ್ನು ಧೀರ ಕ್ರೀಡಾಪಟುವಿಗೆ ಹೋಲಿಸುತ್ತದೆ. ಸ್ವತಂತ್ರ ಗಂಡಸರಿಗೆ ಮೀಸಲಾಗಿದ್ದ ಗೌರವ ಒಬ್ಬ ದಾಸಿಗೆ ಸಂದಿತು.

203ರಲ್ಲಿ ಕಾರ್ಥೇಜಿನ ಸೆರೆಮನೆಯಲ್ಲಿ ಪೆರ್ಪೆತುವಾ ಎಂಬ ಎಳೆಯ ತಾಯಿ ತನ್ನ ಕನಸನ್ನು ದಾಖಲಿಸಿದಳು: ಮೈಗೆ ಎಣ್ಣೆ ಹಚ್ಚಿಸಿಕೊಂಡು ಈಜಿಪ್ಟಿನ ಮಲ್ಲನೊಂದಿಗೆ ಸೆಣಸಿ ಗೆಲ್ಲುತ್ತಾಳೆ, ಚಿನ್ನದ ಸೇಬುಗಳಿರುವ ಹಸಿರು ಕೊಂಬೆ ಬಹುಮಾನವಾಗಿ ಸಿಗುತ್ತದೆ. ಕಾರ್ಥೇಜಿನ ಪಿಥಿಯನ್ ಕ್ರೀಡೆಗಳ ವಿವರಗಳೇ ಈ ಕನಸಿನಲ್ಲಿವೆ ಎಂದು 1982ರಲ್ಲಿ ಲೂಯಿ ರೋಬೆರ್ ತೋರಿಸಿದರು. ಅದೇ ನಗರದ ತೆರ್ತುಲ್ಲಿಯನ್ ಕಣದ ಆಟಗಳನ್ನು ನೋಡಲೇಬಾರದೆಂದು ಖಂಡಿಸಿದವನು. ಆದರೂ ಸೆರೆಯಲ್ಲಿದ್ದವರಿಗೆ ಬರೆಯುವಾಗ ಸೆರೆಮನೆಯನ್ನೇ ಗರಡಿಯೆಂದು ಕರೆದ. ಆಟವನ್ನು ತೊರೆದವರೂ ಅದರ ಭಾಷೆಯನ್ನು ತೊರೆಯಲಾಗಲಿಲ್ಲ.

ದಿನದಿನದ ಗರಡಿ

ಹಿಂಸೆಯ ಕಾಲ ಮುಗಿದ ಮೇಲೆ ರೂಪಕ ಮಠಗಳಿಗೆ ಸಾಗಿತು. ಮೊದಲು ಕ್ರೀಡಾಪಟುವಿನ ಅಭ್ಯಾಸವನ್ನೂ ಸೂಚಿಸುತ್ತಿದ್ದ ‘ಆಸ್ಕೆಸಿಸ್’ ಎಂಬ ಗ್ರೀಕ್ ಪದ ಸನ್ಯಾಸಿಗಳ ಸಾಧನೆಗೆ ಹೆಸರಾಯಿತು. ಐದನೆಯ ಶತಮಾನದಲ್ಲಿ ಯೋಹಾನ ಕಾಸಿಯನ್ ಮಠವಾಸಿಗಳ ಕಟ್ಟಳೆಗಳನ್ನು ಬರೆಯುವಾಗ, ಹೊಟ್ಟೆಬಾಕತನದ ವಿರುದ್ಧದ ಹೋರಾಟವನ್ನು ಒಲಿಂಪಿಕ್ ಸ್ಪರ್ಧಿಯ ತಯಾರಿಗೆ ಹೋಲಿಸಿದ. ಸಾವಿನ ಮುಂದಿನ ಧೈರ್ಯ ಈಗ ಊಟದ ತಟ್ಟೆಯ ಮುಂದಿನ ಸಂಯಮವಾಗಿತ್ತು.

ಕಣ ಬದಲಾಗುತ್ತ ಹೋದರೂ ಪಾಠ ಬದಲಾಗಲಿಲ್ಲ. ಗುಡಾರ ಮಾಡುವವನು, ದಾಸಿ, ಎಳೆಯ ತಾಯಿ, ಮಠವಾಸಿ: ಇವರಾರೂ ಯಾರನ್ನೂ ಹಿಂದಿಕ್ಕಲು ಓಡಲಿಲ್ಲ. ನಂಬಿಕೆ ಬಳಲುವ ದಿನಗಳಲ್ಲಿ ಈ ಚರಿತ್ರೆ ವಿಶ್ವಾಸಿಗೆ ಕೊಡುವ ಬಲ ಇದೇ. ಹಿಂದೆ ಬಿದ್ದೆನೆಂದು ಓಟ ಬಿಡಬೇಕಿಲ್ಲ; ಈ ಓಟದಲ್ಲಿ ಕೊನೆಯಲ್ಲಿ ಬಂದವನಿಗೂ ಮಾಲೆಯಿದೆ.