ತಿರುವಿನಲ್ಲಿ ಗಾಳಿ

ಸವಳಂಗದ ಹೆಸರು ಮೋಟಾರು ಪಂದ್ಯಗಳ ಚರಿತ್ರೆಯಲ್ಲಿ ಬರುವುದಿಲ್ಲ. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ, ನ್ಯಾಮತಿಯ ರಸ್ತೆ ಬಂದು ಕೂಡುವ ಊರು ಅದು. ಆದರೂ ನನ್ನ ಮಾತನ್ನು ಅಲ್ಲಿಂದಲೇ ತೊಡಗುತ್ತೇನೆ. ರಸ್ತೆ ಬಾಗಿದಲ್ಲೆಲ್ಲ, ಅದು ಸವಳಂಗದ ದಾರಿಯಾಗಲಿ ಇಟಲಿಯ ಮೊಂಜಾ ಪಂದ್ಯದ ಹಾದಿಯಾಗಲಿ, ಗಾಳಿ ವಾಹನವನ್ನು ನೇರವಾಗಿ ಎದುರುಗೊಳ್ಳುವುದಿಲ್ಲ.

ಒಂದು ಸರಳ ಲೆಕ್ಕವನ್ನು ನೋಡೋಣ. 5 ಮೀಟರ್ ಉದ್ದದ ಕಾರು 20 ಮೀಟರ್ ತ್ರಿಜ್ಯದ ತಿರುವಿನಲ್ಲಿ ಸಾಗುತ್ತಿದೆ ಎನ್ನಿ. ಅದರ ಮೂತಿಯ ಬಳಿಯ ಗಾಳಿಯ ದಿಕ್ಕಿಗೂ ಬೆನ್ನ ಬಳಿಯ ಗಾಳಿಯ ದಿಕ್ಕಿಗೂ ಸುಮಾರು 14 ಡಿಗ್ರಿ ಅಂತರ ಬೀಳುತ್ತದೆ. ಹೊರಮಗ್ಗುಲು ಒಳಮಗ್ಗುಲಿಗಿಂತ ವೇಗವಾಗಿ ಓಡುತ್ತದೆ. ಅಲ್ಲಿ ಗಾಳಿಯ ಒತ್ತಡವೂ ಹೆಚ್ಚು. ತಿರುಗಿದ ಮುಂಗಾಲಿಗಳು ಕದಡಿದ ಗಾಳಿ ಓರೆಯಾಗಿ ಹರಿದು ಕಾರಿನ ಅಡಿಭಾಗಕ್ಕೆ ನುಗ್ಗಬಹುದು. ಆದರೆ ಅಂಥ ಇಕ್ಕಟ್ಟಿನ ತಿರುವಿನಲ್ಲಿ ವೇಗ ಕಡಿಮೆ. ಆದ್ದರಿಂದ ಸಾಮಾನ್ಯ ಕಾರಿಗೆ ಈ ವ್ಯತ್ಯಾಸ ಬಾಧಿಸದು. 200 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅಂತರ ಒಂದೂವರೆ ಡಿಗ್ರಿಗೆ ಇಳಿಯುತ್ತದೆ. ಆದರೆ ಗಾಳಿಯ ಬಲ ವೇಗದ ವರ್ಗದಂತೆ ಬೆಳೆಯುವಂಥದು: ವೇಗ ಇಮ್ಮಡಿಸಿದರೆ ಬಲ ನಾಲ್ಮಡಿ. ಹೀಗಾಗಿ ಪಂದ್ಯದ ಕಾರಿಗೆ ಆ ಒಂದೂವರೆ ಡಿಗ್ರಿಯೂ ಅಲಕ್ಷಿಸುವಂಥದಲ್ಲ.

ಚರಿತ್ರೆಯಲ್ಲಿ ನನಗೆ ಸ್ವಾರಸ್ಯವಾಗಿ ಕಾಣುವ ಸಂಗತಿಯೊಂದಿದೆ. ಗಾಳಿಯ ತಡೆಯನ್ನು ಅಳೆಯಲು ಮನುಷ್ಯ ಮೊದಲಿಗೆ ಹೂಡಿದ ಉಪಕರಣಗಳಲ್ಲಿ ಮುಖ್ಯವಾದದ್ದು ಸುತ್ತುವಂಥದೇ. 1740ರ ದಶಕದಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್, ಗಾಣದ ನೊಗದಂತೆ ತಿರುಗುವ ತೋಳಿನ ತುದಿಗೆ ವಸ್ತುಗಳನ್ನು ಕಟ್ಟಿ ತಡೆಯನ್ನು ಅಳೆದನು. ಮುಂದೆ ಅವನು ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ನಮ್ಮ ದೇಶಕ್ಕೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಸ್ಮೀಟನ್, ಕೇಲಿ ಮೊದಲಾದವರೂ ಇದೇ ತೋಳನ್ನು ಬಳಸಿದರು. ಆದರೆ ಗಾಣದ ಎತ್ತು ತನ್ನ ಹೆಜ್ಜೆಯನ್ನೇ ತುಳಿಯುವಂತೆ, ತೋಳು ತಾನು ಕದಡಿದ ಗಾಳಿಯನ್ನೇ ಮತ್ತೆ ಹಾಯಬೇಕಾಗುತ್ತಿತ್ತು. 1871ರಲ್ಲಿ ವೆನ್‌ಹ್ಯಾಮ್ ಗಾಳಿಸುರಂಗವನ್ನು ನಿರ್ಮಿಸಿದ ಮೇಲೆ ತೋಳು ಕ್ರಮೇಣ ಮೂಲೆ ಸೇರಿತು. ಬೆಂಗಳೂರಿನ ರಾಷ್ಟ್ರೀಯ ವಿಮಾನಶಾಸ್ತ್ರ ಪ್ರಯೋಗಾಲಯದಲ್ಲಿ 1967ರಲ್ಲಿ ಆರಂಭವಾದ 1.2 ಮೀಟರಿನ ಸುರಂಗದಲ್ಲೂ ಗಾಳಿ ನೇರವಾಗಿಯೇ ಹರಿಯುತ್ತದೆ. ಲಾಭ ಅಪಾರ, ನಷ್ಟವೆಂದರೆ ತಿರುವು ಕಣ್ಮರೆಯಾಯಿತು. ವಿಮಾನಗಳು ತಿರುಗುವ ರೀತಿಯನ್ನು ಅರಿಯಲು 1941ರಲ್ಲಿ ಅಮೆರಿಕದ ಲ್ಯಾಂಗ್ಲಿಯಲ್ಲಿ ಗಾಳಿಯನ್ನೇ ಬಾಗಿಸಿ ಹರಿಸುವ ಸುರಂಗವನ್ನು ಕಟ್ಟಬೇಕಾಯಿತು.

ಪಂದ್ಯದ ಕಾರುಗಳಲ್ಲಿ ಇದರ ಬೆಲೆ ತಿಳಿದದ್ದು 1970ರ ದಶಕದ ಕೊನೆಗೆ. ಕಾಲಿನ್ ಚಾಪ್ಮನ್ನನ ಲೋಟಸ್ ಸಂಸ್ಥೆ 1977ರಲ್ಲಿ, ಕಾರಿನ ಎರಡೂ ಪಕ್ಕದ ಅಡಿಭಾಗವನ್ನು ಮಗುಚಿದ ರೆಕ್ಕೆಯಂತೆ ರೂಪಿಸಿತು. ಕೆಳಗೆ ಹಾಯುವ ಗಾಳಿ ಕಾರನ್ನು ನೆಲಕ್ಕೆ ಸೆಳೆಯುತ್ತಿತ್ತು. ಪಕ್ಕದಲ್ಲಿ ನೆಲ ಸವರುತ್ತಿದ್ದ ಅಂಚುಪಟ್ಟಿಗಳು ಹೊರಗಿನ ಗಾಳಿಯನ್ನು ತಡೆಯುತ್ತಿದ್ದವು. 1978ರಲ್ಲಿ ಇದೇ ತತ್ವದ ಕಾರುಗಳಲ್ಲಿ ಮಾರಿಯೊ ಆಂಡ್ರೆಟ್ಟಿ ವಿಶ್ವ ಚಾಂಪಿಯನ್ ಆದನು. ತಿರುವಿನ ವೇಗ ಏರಿತು. ಅದರೊಡನೆ ಅಪಾಯವೂ ಏರಿತು. ತಿರುವಿನ ನಡುವೆ ಅಂಚುಪಟ್ಟಿ ಮೇಲೆ ಸಿಕ್ಕಿಕೊಂಡರೆ ಸೆಳೆತ ಒಮ್ಮೆಲೇ ಕುಸಿಯುತ್ತದೆ. ಆ ಸೆಳೆತವನ್ನೇ ನೆಚ್ಚಿ ನುಗ್ಗಿದ ಚಾಲಕನಿಗೆ ತಿದ್ದಿಕೊಳ್ಳಲು ಸಮಯವಿಲ್ಲ. 1981ರಲ್ಲಿ ಜಾರುವ ಅಂಚುಪಟ್ಟಿಗಳನ್ನು ನಿಷೇಧಿಸಿ, 1983ರಲ್ಲಿ ಅಡಿಭಾಗ ಚಪ್ಪಟೆಯಾಗಿರಬೇಕೆಂದು ವಿಧಿಸಿದರು. 2022ರಲ್ಲಿ ಬಾಗಿದ ಅಡಿಭಾಗ ಹೊಸ ರೂಪದಲ್ಲಿ ಮರಳಿದಾಗ, ನೇರ ದಾರಿಯಲ್ಲೇ ಕಾರುಗಳು ಕುಪ್ಪಳಿಸತೊಡಗಿದವು.

ಇದರಿಂದ ಸವಳಂಗದ ದಾರಿಹೋಕನಿಗೆ ಏನು ಪ್ರಯೋಜನವೆಂದು ನೀವು ಕೇಳಬಹುದು. ಅವನ ಕಾರನ್ನು ತಿರುವಿನಲ್ಲಿ ಹಿಡಿದಿಡುವುದು ಟಯರೇ ಹೊರತು ಗಾಳಿಯಲ್ಲ. ಆದರೆ ಬಯಲಿನ ಅಥವಾ ಕೆರೆ ಏರಿಯ ಮೇಲಿನ ಬಾಗಿನಲ್ಲಿ ಮುಂಗಾರಿನ ಅಡ್ಡಗಾಳಿ ಬೀಸಿದರೆ, ಎತ್ತರದ ಬಸ್ಸಿಗೂ ಹಗುರವಾದ ಕಾರಿಗೂ ಗಾಳಿ ಓರೆಯಾಗಿಯೇ ಬಡಿಯುತ್ತದೆ. ಒದ್ದೆ ರಸ್ತೆಯಲ್ಲಿ ಟಯರಿನ ಹಿಡಿತವೂ ಅಷ್ಟರಲ್ಲೇ ಸಡಿಲಿರುತ್ತದೆ. ನೇರ ಗಾಳಿಯಲ್ಲಿ ಅಳೆದು ಕೊಟ್ಟ ಅಂಕಿಗಳು ಆ ಹೊತ್ತಿಗೆ ಪೂರ್ತಿ ಸಲ್ಲುವುದಿಲ್ಲ. ತಿರುವಿಗೆ ಮುಂಚೆಯೇ ವೇಗ ತಗ್ಗಿಸಬೇಕೆಂಬ ಹಳೆಯ ಚಾಲಕರ ಬುದ್ಧಿವಾದ ಅಲ್ಲಿ ಸಲ್ಲುತ್ತದೆ.