ಲೈಪ್‌ಜಿಗ್‌ನಿಂದ ಲಕ್ಕಸಂದ್ರದವರೆಗೆ

ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡು ಕಾಲೇಜು ಸೇರುವ ವಿದ್ಯಾರ್ಥಿಗೆ ಮೊದಲ ಪಾಠದಲ್ಲೇ ಪರಿಚಯವಾಗುವ ಊರು ಜರ್ಮನಿಯ ಲೈಪ್‌ಜಿಗ್. 1879ರಲ್ಲಿ ವಿಲ್ಹೆಲ್ಮ್ ವುಂಟ್ ಅಲ್ಲಿ ಪ್ರಯೋಗಶಾಲೆ ತೆರೆದ. ಅದುವರೆಗೆ ತತ್ವಶಾಸ್ತ್ರದ ಮಡಿಲಲ್ಲಿದ್ದ ಮನಸ್ಸಿನ ಅಧ್ಯಯನ ಸ್ವತಂತ್ರ ವಿಜ್ಞಾನವಾಯಿತು ಎಂದು ಪಠ್ಯಪುಸ್ತಕ ಹೇಳುತ್ತದೆ. ಮುಂದೆ ವಿಲಿಯಂ ಜೇಮ್ಸ್, ಫ್ರಾಯ್ಡ್, ಪಾವ್ಲೋವ್, ಬಿನೆ, ವಾಟ್ಸನ್ ಸಾಲಾಗಿ ಬರುತ್ತಾರೆ. ಸಂವೇದನೆ, ಗ್ರಹಿಕೆ, ಅವಧಾನ, ಸ್ಮೃತಿ, ಬುದ್ಧಿಶಕ್ತಿ, ವ್ಯಕ್ತಿತ್ವ ಎಂದು ಅಧ್ಯಾಯಗಳು ಮುಗಿಯುವ ಹೊತ್ತಿಗೆ ಈ ಶಾಸ್ತ್ರವೆಲ್ಲ ಕಡಲಾಚೆಯ ಸರಕು ಎಂಬ ಭಾವನೆ ವಿದ್ಯಾರ್ಥಿಯಲ್ಲಿ ಗಟ್ಟಿಯಾಗಿರುತ್ತದೆ. ಜಯನಗರದಿಂದಲೋ ಬಿಟಿಎಂ ಬಡಾವಣೆಯಿಂದಲೋ ಬಸ್ಸು ಹತ್ತಿ ದಿನವೂ ನಿಮ್ಹಾನ್ಸ್‌ನ ಕಾಂಪೌಂಡು ದಾಟಿ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರೂ ಇದಕ್ಕೆ ಹೊರತಲ್ಲ.

ಆದರೆ ಈ ಶಾಸ್ತ್ರಕ್ಕೆ ಕನ್ನಡ ನಾಡಿನಲ್ಲಿ ನೂರು ವರ್ಷ ದಾಟಿದ ಚರಿತ್ರೆಯಿದೆ. ಅದು ಮೈಸೂರಿನಲ್ಲಿ ಆರಂಭವಾಗಿ, ಧಾರವಾಡವನ್ನು ಹಾದು, ದಕ್ಷಿಣ ಬೆಂಗಳೂರಿನಲ್ಲಿ ಬೇರೂರಿದ ಕಥೆ.

ಮೈಸೂರಿನ ಮೊದಲ ಹೆಜ್ಜೆ

ಭಾರತದಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರಕ್ಕೆ ಪಠ್ಯಕ್ರಮ ಸಿದ್ಧವಾದದ್ದು 1905ರಲ್ಲಿ, ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ. ಅದನ್ನು ರೂಪಿಸಿದವರು ತತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್. 1916ರಲ್ಲಿ ಅಲ್ಲಿ ದೇಶದ ಮೊದಲ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಇದೇ ಸೀಲ್ ಅವರು 1921ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದರು. ಮೂರೇ ವರ್ಷಗಳಲ್ಲಿ, 1924ರಲ್ಲಿ, ಮೈಸೂರಿನಲ್ಲಿಯೂ ಮನಶ್ಶಾಸ್ತ್ರ ವಿಭಾಗ ತಲೆಯೆತ್ತಿತು.

ಅದರ ಹೊಣೆ ಹೊತ್ತವರು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ತರಬೇತಿ ಪಡೆದು ಬಂದವರು. ಎಲ್ಲ ಬಗೆಯ ಬೌದ್ಧಿಕ ಕೆಲಸಗಳ ಹಿಂದೆಯೂ ಒಂದು ಸಾಮಾನ್ಯ ಬುದ್ಧಿಶಕ್ತಿ ಇರುತ್ತದೆಂದು 1904ರಲ್ಲಿ ವಾದ ಮಂಡಿಸಿದವನು ಈ ಸ್ಪಿಯರ್‌ಮನ್. ಅವನು ಡಾಕ್ಟರೇಟ್ ಪಡೆದದ್ದು ಲೈಪ್‌ಜಿಗ್‌ನಲ್ಲಿ, ವುಂಟ್‌ನ ಕೈಕೆಳಗೆ. ಹೀಗೆ ಲೆಕ್ಕ ಹಾಕಿದರೆ ಮೈಸೂರಿನ ಮಹಾರಾಜ ಕಾಲೇಜಿನ ವಿದ್ಯಾರ್ಥಿಗಳು ಗುರುಪರಂಪರೆಯಲ್ಲಿ ವುಂಟ್‌ನ ಮರಿಮಕ್ಕಳು!

ಗೋಪಾಲಸ್ವಾಮಿಯವರ ಹೆಸರು ಇಂದು ಉಳಿದಿರುವುದು ಇನ್ನೊಂದು ಕಾರಣಕ್ಕೆ. 1935ರ ಸೆಪ್ಟೆಂಬರ್ 10ರಂದು ಅವರು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವಾಟ್‌ಗಳ ಪುಟ್ಟ ಬಾನುಲಿ ಕೇಂದ್ರ ಆರಂಭಿಸಿದರು. ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೊಗೆ ಹೆಸರಾಯಿತು.

ಧಾರವಾಡದ ಅಳತೆಗೋಲು

ಮೈಸೂರಿನಲ್ಲಿ ಶಾಸ್ತ್ರದ ಪಾಠ ನಡೆಯುತ್ತಿದ್ದಾಗ ಧಾರವಾಡದಲ್ಲಿ ಅದರ ಬಳಕೆಯ ಕೆಲಸ ಸಾಗಿತ್ತು. ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಪ್ಯಾರಿಸ್ಸಿನ ಆಲ್‌ಫ್ರೆಡ್ ಬಿನೆ 1905ರಲ್ಲಿ ಸಹೋದ್ಯೋಗಿ ಸಿಮೋನ್ ಜೊತೆ ಒಂದು ಪರೀಕ್ಷೆ ರೂಪಿಸಿದ್ದ. ಅದನ್ನು ಕನ್ನಡಕ್ಕೆ ಅನುವಾದಿಸಿದರೆ ಸಾಲದು. ಪ್ಯಾರಿಸ್ಸಿನ ಮಗುವಿಗೆ ಅಲ್ಲಿನ ನಾಣ್ಯಗಳ ಹೆಸರು ಗೊತ್ತು. ಧಾರವಾಡದ ಮಗುವಿಗೆ ಗೊತ್ತಿರುವುದು ಆಣೆ, ಪೈ. ಗೊತ್ತಿಲ್ಲದ್ದನ್ನು ಕೇಳಿ ಮಗುವನ್ನು ದಡ್ಡ ಎನ್ನುವುದು ಅಳತೆಗೋಲಿನ ತಪ್ಪೇ ಹೊರತು ಮಗುವಿನದಲ್ಲ. ವಿ. ವಿ. ಕಾಮತ್ ಅವರು ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳನ್ನು ಪರೀಕ್ಷಿಸಿ, ಪ್ರಶ್ನೆಗಳನ್ನು ಮಾರ್ಪಡಿಸಿ, ಯಾವ ವಯಸ್ಸಿಗೆ ಯಾವ ಪ್ರಶ್ನೆ ಎಂದು ಹೊಸದಾಗಿ ನಿಗದಿಪಡಿಸಿದರು. 1934ರಲ್ಲಿ ಸಿದ್ಧವಾದ ಇದೇ 'ಬಿನೆ-ಕಾಮತ್ ಪರೀಕ್ಷೆ'.

ಇದರ ಲೆಕ್ಕ ಸರಳ. ಹತ್ತು ವರ್ಷದ ಮಗು ಎಂಟು ವರ್ಷದವರಿಗೆ ನಿಗದಿಯಾದ ಪ್ರಶ್ನೆಗಳವರೆಗೆ ಮಾತ್ರ ಉತ್ತರಿಸಿದರೆ ಅದರ ಮಾನಸಿಕ ವಯಸ್ಸು ಎಂಟು. ಅದನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬುದ್ಧಿ ಸೂಚ್ಯಂಕ 80. ಇದು 70ಕ್ಕಿಂತ ಕೆಳಗಿದ್ದು, ದಿನನಿತ್ಯದ ಬದುಕಿನಲ್ಲೂ ತೊಡಕು ಕಂಡುಬಂದರೆ ಬೌದ್ಧಿಕ ಅಂಗವೈಕಲ್ಯ ಎಂದು ಪರಿಗಣಿಸುವುದು ವಾಡಿಕೆ.

ವೈದ್ಯಕೀಯ ಪ್ರಮಾಣಪತ್ರ, ಮಾಸಾಶನ, ಶಾಲೆಯಲ್ಲಿ ರಿಯಾಯಿತಿ ಎಲ್ಲವೂ ಈ ಒಂದು ಅಂಕಿಯ ಸುತ್ತ ತಿರುಗುತ್ತವೆ. ಆದ್ದರಿಂದಲೇ ಒಂದು ಪ್ರಶ್ನೆ ಮುಖ್ಯವಾಗುತ್ತದೆ. 1930ರ ದಶಕದ ಮಕ್ಕಳ ಮೇಲೆ ನಿಂತ ಅಳತೆ ಇಂದಿನ ಮಗುವಿಗೆ ಎಷ್ಟು ಸರಿ? ಪರೀಕ್ಷೆಯ ಅಂಕಗಳು ತಲೆಮಾರಿನಿಂದ ತಲೆಮಾರಿಗೆ ಏರುತ್ತಾ ಹೋಗುವುದನ್ನು ನ್ಯೂಜಿಲೆಂಡಿನಲ್ಲಿದ್ದ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ಹಲವು ದೇಶಗಳ ದಾಖಲೆಗಳಿಂದ ತೋರಿಸಿದರು. ಶಾಲೆ, ಪೌಷ್ಟಿಕ ಆಹಾರ, ಚಿತ್ರ ಹಾಗೂ ಯಂತ್ರಗಳ ಒಡನಾಟ ಇದಕ್ಕೆ ಕಾರಣವೆಂದು ಹೇಳಲಾಗುತ್ತದೆ. ಹಾಗಿದ್ದಲ್ಲಿ ಹಳೆಯ ಅಳತೆಗೋಲು ಇಂದಿನ ಮಗುವಿಗೆ ಇರಬೇಕಾದ್ದಕ್ಕಿಂತ ಹೆಚ್ಚು ಅಂಕ ಕೊಡುತ್ತದೆ. ನೆರವು ಬೇಕಾದ ಮಗು ನಾಲ್ಕಾರು ಅಂಕಗಳಿಂದ ಗೆರೆಯ ಮೇಲೆ ನಿಂತು, ನೆರವಿನಿಂದ ದೂರ ಉಳಿಯಬಹುದು. ಕಾಮತ್ ಪ್ಯಾರಿಸ್ಸಿನ ಪರೀಕ್ಷೆಗೆ ಮಾಡಿದ್ದನ್ನು ಕಾಮತ್‌ರ ಪರೀಕ್ಷೆಗೂ ಮಾಡಬೇಕಾದ ಅಗತ್ಯ ಇರುವುದು ಇಲ್ಲಿ.

ಹೊಸೂರು ರಸ್ತೆಗೆ ಬಂದ ಶಾಸ್ತ್ರ

ಬೆಂಗಳೂರಿನಲ್ಲಿ ಮನಶ್ಶಾಸ್ತ್ರ ಬೆಳೆದದ್ದು ಆಸ್ಪತ್ರೆಯ ಅಂಗಳದಲ್ಲಿ. ಹತ್ತೊಂಬತ್ತನೆಯ ಶತಮಾನದಿಂದ ಇದ್ದ 'ಹುಚ್ಚರ ಆಸ್ಪತ್ರೆ'ಯನ್ನು ಮೈಸೂರು ಸರಕಾರ 1925ರಲ್ಲಿ 'ಮಾನಸಿಕ ಆಸ್ಪತ್ರೆ' ಎಂದು ಕರೆಯಿತು. ಬದಲಾದದ್ದು ಬರೀ ಬೋರ್ಡಲ್ಲ. ಒಳಗಿರುವವರು ಕೂಡಿಹಾಕಬೇಕಾದವರಲ್ಲ, ಚಿಕಿತ್ಸೆ ಪಡೆಯಬೇಕಾದವರು ಎಂಬ ಒಪ್ಪಿಗೆ ಅದು. 1954ರಲ್ಲಿ ಇದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೂ ಇಲ್ಲಿ ತರಬೇತಿ ದೊರೆಯಿತು. ವೇದ, ಆಗಮ, ಮೂರ್ತಿಶಿಲ್ಪಗಳ ವಿದ್ವಾಂಸರೆಂದು ನಾಡು ಬಲ್ಲ ಸಾ. ಕೃ. ರಾಮಚಂದ್ರರಾಯರು ಇಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು.

ನಿಮ್ಹಾನ್ಸ್ ಗೇಟಿನೊಳಗೆ ಬರುವವರಿಗಿಂತ ಬಾರದವರೇ ಹೆಚ್ಚು ಎಂಬುದು ಬೇಗ ಅರಿವಿಗೆ ಬಂತು. ಜಿ. ಎಂ. ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಕೋಟದಲ್ಲಿ ಮನೆಮನೆ ಸಮೀಕ್ಷೆ ನಡೆಸಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ಮನಸ್ಸು ಕೆಟ್ಟಾಗ ಅಲ್ಲಿನ ಜನ ವೈದ್ಯರ ಬಳಿ ಮಾತ್ರವಲ್ಲ, ಮಂತ್ರವಾದಿಗಳ, ಪಾತ್ರಿಗಳ ಬಳಿಯೂ ಹೋಗುತ್ತಿದ್ದರು. ಅದೇ ದಶಕದಲ್ಲಿ ನಿಮ್ಹಾನ್ಸ್ ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗದ ಪ್ರಾಥಮಿಕ ತರಬೇತಿ ನೀಡಲಾಯಿತು. ದೊಡ್ಡ ಆಸ್ಪತ್ರೆಗೆ ಬರಲಾಗದವರಿಗೆ ಊರಿನಲ್ಲೇ ಔಷಧ ಸಿಗಬೇಕೆಂಬ ಈ ಪ್ರಯೋಗವೇ 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಮನಸ್ಸಿಗೆ ಕನ್ನಡದ ಮಾತು

ಶಾಸ್ತ್ರವನ್ನು ಜನರ ಮಾತಿಗೆ ಇಳಿಸುವ ಕೆಲಸವೂ ನಡೆಯಿತು. 'ಕೊರವಂಜಿ' ಹಾಸ್ಯ ಪತ್ರಿಕೆಯ 'ರಾಶಿ', ಅಂದರೆ ವೈದ್ಯ ಡಾ. ಎಂ. ಶಿವರಾಂ, ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆ ಕಾದಂಬರಿಗಳಿಗೆ ಸಲ್ಲುವುದೇ ಹೆಚ್ಚಾದ ಆ ಗೌರವ ಮನೋರೋಗಗಳ ಕುರಿತ ಕನ್ನಡ ಪುಸ್ತಕಕ್ಕೆ ಸಂದದ್ದು ಸಣ್ಣ ಸಂಗತಿಯಲ್ಲ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಪುಸ್ತಕ, ಪತ್ರಿಕಾ ಅಂಕಣಗಳ ಮೂಲಕ ಆ ಕೆಲಸವನ್ನು ಮುಂದುವರಿಸಿದರು.

ಆದರೂ ದಕ್ಷಿಣ ಬೆಂಗಳೂರಿನ ಓಣಿಗಳಲ್ಲಿ 'ನಿಮ್ಹಾನ್ಸ್‌ಗೆ ಸೇರಿಸಬೇಕು' ಎಂಬುದು ಇಂದಿಗೂ ಬೈಗುಳ. ಜ್ವರ ಬಂದರೆ ಡಾಕ್ಟರ ಬಳಿ ಹೋಗುವ ಮನೆಯವರು, ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಮಂಕಾಗಿ ಕುಳಿತ ಮಗಳನ್ನು ಯಾರಿಗೂ ಕಾಣದಂತೆ ಇಟ್ಟುಕೊಳ್ಳುತ್ತಾರೆ. 2022ರಲ್ಲಿ ಆರಂಭವಾದ, ನಿಮ್ಹಾನ್ಸ್ ಮುನ್ನಡೆಸುತ್ತಿರುವ 'ಟೆಲಿ ಮಾನಸ್' ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ. ಆದರೆ ಕರೆ ಮಾಡಲು ಸಂಕೋಚ ಬಿಡಬೇಕು.

ಕಾಲೇಜಿನ ಮೊದಲ ವರ್ಷದ ಮನಶ್ಶಾಸ್ತ್ರದ ನಿಜವಾದ ಬೆಲೆ ಇರುವುದು ಬಹುಶಃ ಇಲ್ಲಿಯೇ. ಅದನ್ನು ಓದಿದವರೆಲ್ಲ ಮನಶ್ಶಾಸ್ತ್ರಜ್ಞರಾಗುವುದಿಲ್ಲ. ಬ್ಯಾಂಕಿಗೋ, ಶಾಲೆಗೋ, ಕಂಪನಿಗೋ ಸೇರುತ್ತಾರೆ; ತಂದೆ ತಾಯಿಯಾಗುತ್ತಾರೆ. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಮದ್ದುಂಟು ಎಂಬಷ್ಟು ತಿಳಿವಳಿಕೆ ಮನೆಗೊಬ್ಬರಲ್ಲಿ ಇದ್ದರೂ ಮೈಸೂರಿನಲ್ಲಿ 1924ರಲ್ಲಿ ಹಚ್ಚಿದ ದೀಪ ಉರಿಯುತ್ತಿದೆ ಎಂದೇ ಅರ್ಥ.