ಟೈರ್: ಗಾಲಿಯ ಉಡುಗೆ

‘ಟೈರ್’ ಇಂಗ್ಲಿಷಿನ ‘ಅಟೈರ್’, ಅಂದರೆ ಉಡುಗೆ, ಎಂಬ ಪದದ ಮೊಟಕು ರೂಪ. ಮರದ ಗಾಲಿಗೆ ತೊಡಿಸಿದ ಕಬ್ಬಿಣಕ್ಕೆ ಮೊದಲು ಆ ಹೆಸರು ಬಂತು. ನಮ್ಮ ಎತ್ತಿನ ಗಾಡಿಗೂ ಕಮ್ಮಾರರು ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರು ಸುರಿಯುತ್ತಿದ್ದರು. ತಣಿದು ಕುಗ್ಗಿದ ಪಟ್ಟಿ ಗಾಲಿಯನ್ನು ಬಿಗಿಯಾಗಿ ಅಪ್ಪುತ್ತಿತ್ತು. ಗಾಳಿ ತುಂಬಿದ ಟೈರಿಗೆ ಡನ್‌ಲಪ್ 1888ರಲ್ಲಿ ಪೇಟೆಂಟ್ ಪಡೆದ ಮೇಲೂ ಹೆಸರು ಬದಲಾಗಲಿಲ್ಲ.

ದೂರ ಪ್ರವಾಸದ ಫೋರ್ ವೀಲ್ ಡ್ರೈವ್ ಗಾಡಿಯ ಟೈರಿನ ಮೇಲೆ ‘265/65 ಆರ್ 17’ ಎಂದಿದ್ದರೆ, ಅಗಲ 265 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 65, ರಿಮ್ 17 ಇಂಚು. ‘ಆರ್’ ಅನ್ನು ರಿಮ್ ಎಂದೇ ಹಲವರು ಓದುತ್ತಾರೆ. ಅದು ರೇಡಿಯಲ್. ಲ್ಯಾಟಿನ್ನಿನ ‘ರೇಡಿಯಸ್’ ಎಂದರೆ ಗಾಲಿಯ ಅರ, ಸೈಕಲ್ಲಿನಲ್ಲಾದರೆ ಕಡ್ಡಿ. ಒಳಗಿನ ನೂಲುಗಳು ಅರಗಳಂತೆ ಹರಡಿರುವುದರಿಂದ ಈ ಹೆಸರು. ಮರದ ಗಾಲಿ ಮರೆಯಾದರೂ ಅದರ ಅರ ರಬ್ಬರಿನೊಳಗೆ ಉಳಿದಿರುವುದು ನನಗೆ ಬಹಳ ಇಷ್ಟ.

‘ಆಲ್ ಟೆರೇನ್’ ಟೈರಿಗೆ ಡಾಂಬರೂ ಕಲ್ಲುದಾರಿಯೂ ಒಗ್ಗುತ್ತವೆ, ಆಳದ ಕೆಸರಿಗೆ ‘ಮಡ್ ಟೆರೇನ್’ ವಾಸಿ. ಅಳತೆಯನ್ನು 265/70ಕ್ಕೆ ಏರಿಸಿದರೆ ಗಾಡಿ ಸುಮಾರು 13 ಮಿ.ಮೀ. ಎತ್ತರವಾಗುತ್ತದೆ. ಆದರೆ ಮೀಟರಿನಲ್ಲಿ ವೇಗ ಮೊದಲಿಗಿಂತ ಸುಮಾರು ಶೇ. 3ರಷ್ಟು ಕಡಿಮೆ ತೋರುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಲೂಬಹುದು. ಸಾಮಾನು ಹೇರುವವರು ಭಾರದ ಸಂಖ್ಯೆಯನ್ನೂ ನೋಡಲೇಬೇಕು: 112 ಎಂದಿದ್ದರೆ ಒಂದು ಟೈರು ಹೊರುವುದು 1120 ಕಿಲೋ.